ಅವರ ಹಲ್ಲುಪುಡಿ

ಜನವರಿ 9, 1939, ಸೋಮವಾರ

ಈ ಡೈರಿ ನನ್ನ ಹೆಸರಿಗೆ ಬಂದದ್ದಲ್ಲ. ಮುಂಬಯಿಯ ಬಲೂನು ಕಂಪನಿಯವರು ಹೊಸ ವರ್ಷದ ಕಾಣಿಕೆಯೆಂದು ನಮ್ಮ ಮನೆಯವರಿಗೆ ಕಳಿಸಿದ್ದು. ಅವರು ವಿಷಮಜ್ವರದಲ್ಲಿ ತೀರಿಕೊಂಡು ಎರಡು ತಿಂಗಳಾಯಿತು ಎಂದು ಮುಂಬಯಿಗೆ ಯಾರು ಹೇಳಬೇಕು? ಇಷ್ಟು ಚೆಂದದ ಹಾಳೆಗಳನ್ನು ಖಾಲಿ ಬಿಡುವುದು ನನಗಾಗದು. ಗದಗಿನಲ್ಲಿ ಶಾಲೆಯ ಮಾಸ್ತರರಾಗಿದ್ದ ಅಪ್ಪ ಕಲಿಸಿದ ಅಕ್ಷರ ಹನ್ನೆರಡು ವರ್ಷದಿಂದ ತುಕ್ಕು ಹಿಡಿದಿದೆ. ಯಾರೂ ಓದುವುದಿಲ್ಲವಾದ್ದರಿಂದ ತಪ್ಪಾದರೂ ಚಿಂತೆಯಿಲ್ಲ.

ಡೈರಿಯ ಜೊತೆ ಮೂರು ನಮೂನೆ ಬಲೂನುಗಳಿವೆ. ದಸರೆಯ ಹೊತ್ತಿಗೆ ನಮ್ಮ ಮನೆಯವರೇ ಕಂಪನಿಗೆ ಬರೆದು ಕೇಳಿದ್ದರು. ಬಲೂನಿನ ಮೇಲೆ ನಮ್ಮ ಅಂಗಡಿಯ ಹೆಸರು ಅಚ್ಚು ಹಾಕಿಸಿ, ಹಲ್ಲುಪುಡಿಯ ಡಬ್ಬಿಗೊಂದು ಪುಕ್ಕಟೆ ಕೊಟ್ಟರೆ ಮಕ್ಕಳೇ ತಾಯಂದಿರ ಸೆರಗು ಹಿಡಿದು ಎಳೆದು ತರುತ್ತಾರೆ ಎಂದು ಹೇಳುತ್ತಿದ್ದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಬಲೂನು ಬಂದವು, ಅವರಿಲ್ಲ.

ಮೈದುನ ಉಮಾಪತಿ ಇವತ್ತೂ ಬಂದು ಅದೇ ರಾಗ ತೆಗೆದ. "ವೈನಿ, ಅಂಗಡಿ ನಡಸೂದು ಹೆಣ್ಣಮಕ್ಕಳ ಕೆಲಸ ಅಲ್ಲರಿ. ಗಂಗಾವತಿಯವ್ರು ಕೇಳಾಕ ಹತ್ಯಾರ, ಕೊಟ್ಟುಬಿಡೂಣು. ನೀವು ಗದಗಿನ್ಯಾಗ ನಿಮ್ಮ ಅಣ್ಣಾರ ಮನ್ಯಾಗ ಆರಾಮ ಇರ್ರಿ."

ಅಣ್ಣನ ಮನೆಯ ಆರಾಮ ನನಗೆ ಗೊತ್ತು. ಅತ್ತಿಗೆಯ ಒಲೆಯ ಮುಂದೆ ಜೀವಮಾನವೆಲ್ಲ ಕೂರುವ ಆರಾಮ. ಅತ್ತೆ ಕಳಕಮ್ಮನವರು ಎಲ್ಲ ಕೇಳಿ ಕೊನೆಗೆ ಅಂದರು: "ಯುಗಾದಿ ತನಕ ನೋಡೂಣು. ಮಾಲು ಹೋತಂದ್ರ ಅಂಗಡಿ ಅಕಿ ಕೈಯಾಗ ಇರ್ಲಿ. ಇಲ್ಲಂದ್ರ ನೀ ಹೇಳಿದಂಗ." ಯುಗಾದಿಗೆ ಇನ್ನು ಹತ್ತು ವಾರ. ನಾನು ಒಳಬಾಗಿಲ ಪರದೆಯ ಹಿಂದೆ ಕುಳಿತು ಡಬ್ಬಿ ಮುಂದೆ ಸರಿಸುತ್ತೇನೆ. ಅವರ ಗಾದಿ ಖಾಲಿ ಇದೆ. ಖಾಲಿ ಗಾದಿಯ ಜೊತೆ ವ್ಯವಹಾರ ಮಾಡಲು ಗಿರಾಕಿಗಳಿಗೆ ಮುಜುಗರ.

ಜನವರಿ 12

ಎದುರಿನ ಸೈಕಲ್ ಅಂಗಡಿಯ ಬಾಬಾಸಾಬನನ್ನು ಕರೆಸಿ ಮೂರಕ್ಕೂ ಪಂಪಿನಿಂದ ಗಾಳಿ ಹೊಡೆಸಿದೆ. ಅವನು ಅವರ ಹಳೆಯ ಸ್ನೇಹಿತ. ವಾರದ ಸಂತೆಗಳಿಗೆ ನಮ್ಮ ಮಾಲನ್ನು ಸೈಕಲ್ ಮೇಲೆ ಒಯ್ಯುವವನೂ ಅವನೇ.

"ಅಕ್ಕಾರ, ಕೆಂಪ ಪುಗ್ಗಾ ತಗೋರಿ. ದೂರಿಂದ ಕಾಣತೈತಿ," ಅಂದ. ಕೆಂಪಿನ ಮೇಲೆ ಕರಿ ಮಸಿ ಎದ್ದು ಕಾಣುವುದಿಲ್ಲ. ಹಸಿರು ತೆಳ್ಳಗೆ, ಒಂದು ಮುಳ್ಳು ನೋಡಿದರೆ ಸಾಕು ಜೀವ ಬಿಡುತ್ತದೆ. ಮೂರನೆಯದು ಗೋಧಿ ಬಣ್ಣದ್ದು. ದಪ್ಪ ರಬ್ಬರು, ದುಂಡು ಆಕಾರ. ಕೈಯಲ್ಲಿ ಹಿಡಿದಾಗ ಸ್ವಲ್ಪ ಬೆಚ್ಚಗಿತ್ತು. ಬಿಸಿಲಿಗೆ ಇಟ್ಟಿದ್ದರೇನೋ.

ಅದನ್ನೇ ಆರಿಸಿದೆ. ಅವರ ಮೈಬಣ್ಣ ಅದು.

ಹೆಸರಿನ ಜೊತೆ ಅವರ ಮುಖವನ್ನೂ ಹಾಕಿಸಬೇಕು. ನಕಲಿ ಹಲ್ಲುಪುಡಿಯವರು ಹೆಸರು ಕದಿಯಬಹುದು, ಮುಖ ಹೇಗೆ ಕದಿಯುತ್ತಾರೆ? ಇರುವುದು ಗದಗಿನಲ್ಲಿ ತೆಗೆಸಿದ ಒಂದೇ ಫೋಟೋ. ಊರಿಗೆಲ್ಲ ಹಲ್ಲು ಬೆಳ್ಳಗೆ ಮಾಡಿಕೊಟ್ಟ ಮಹಾನುಭಾವ ತಾವು ಮಾತ್ರ ಬಾಯಿ ಬಿಗಿದುಕೊಂಡು ಕೂತಿದ್ದಾರೆ. ನೋಡಿ ನಗು ಬಂತು. ಆಮೇಲೆ ಅಳು ಬಂತು.

ಜನವರಿ 13

ಕಂಪನಿಯ ಇಂಗ್ಲಿಷ್ ಕಾಗದವನ್ನು ಪೋಸ್ಟ್ ಮಾಸ್ತರರು ಓದಿ ಹೇಳಿದರು. ಕಂಪನಿಯವರಿಗೆ ಕನ್ನಡ ಬರುವುದಿಲ್ಲವಂತೆ. ಅಚ್ಚಾಗಬೇಕಾದ ಮಾತನ್ನು ನಾವೇ ದಪ್ಪ ಮಸಿಯಲ್ಲಿ ಬರೆದು ಕಳಿಸಬೇಕು, ಬರೆದದ್ದನ್ನು ಬರೆದ ಹಾಗೆಯೇ ಅಚ್ಚು ಮಾಡುತ್ತಾರೆ.

ಬೆಳಗಿನಿಂದ ಕಾಗದದ ಮುಂದೆ ಕೂತಿದ್ದೇನೆ. ಗಂಡನ ಹೆಸರು ಹೇಳಿದರೆ, ಬರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಆಯುಷ್ಯವೇ ಮುಗಿದವರಿಗೆ ಇನ್ನೇನು ಕಡಿಮೆಯಾದೀತು? ಬುದ್ಧಿಗೆ ಇದು ತಿಳಿಯುತ್ತದೆ, ಕೈಗೆ ತಿಳಿಯುವುದಿಲ್ಲ. ಮದುವೆಯ ದಿನ ಒಡಪಿನ ಪದ್ಯದೊಳಗೆ ಸೇರಿಸಿ ಒಮ್ಮೆ ಹೇಳಿದ್ದೆ. ಅದೇ ಮೊದಲು, ಅದೇ ಕೊನೆ.

ಅವರ ಕೊನೆಯ ಗಳಿಗೆಯಲ್ಲಿ ಎಲ್ಲರೂ ಹೆಸರು ಹಿಡಿದು ಕೂಗಿದರು. ಹೋಗುವ ಜೀವ ತನ್ನ ಹೆಸರು ಕೇಳಿದರೆ ಹಿಂತಿರುಗಿ ನೋಡುತ್ತದಂತೆ. ಅತ್ತೆ ಕೂಗಿದರು, ಉಮಾಪತಿ ಕೂಗಿದ, ಬಾಬಾಸಾಬ ಬಾಗಿಲಲ್ಲೇ ನಿಂತು ಕೂಗಿದ. ಅವರು ನೋಡುತ್ತಿದ್ದದ್ದು ನನ್ನನ್ನು. ನಾನು "ರೀ, ಇಲ್ಲಿ ನೋಡ್ರಿ" ಅಂದೆ. ಬಾಯಿ ಸ್ವಲ್ಪ ತೆರೆದರು. ಅಷ್ಟರಲ್ಲಿ ಮುಗಿದುಹೋಯಿತು. ನಾನು ಕರೆದಿದ್ದರೆ ತಿರುಗುತ್ತಿದ್ದರು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಬೇರೆಯವರಿಂದ ಬರೆಸೋಣವೆಂದರೆ ಬಾಬಾಸಾಬನಿಗೆ ಉರ್ದು ಮಾತ್ರ ಗೊತ್ತು. ಉಮಾಪತಿ, "ನಾ ಯಾಕ ಬರೀಲಿ? ಗಾಳಿ ತುಂಬೂ ಚೀಲಕ್ಕ ನಮ್ಮಣ್ಣನ ಹೆಸರ?" ಎಂದು ಎದ್ದು ಹೋದ. ಕೊನೆಗೆ ನಾನು "ಅವರ ಹಲ್ಲುಪುಡಿ, ಕೊಪ್ಪಳ" ಎಂದು ಬರೆದು, ಫೋಟೋವನ್ನೂ ಹೆಸರು ಅಚ್ಚಾಗಿರುವ ಡಬ್ಬಿಯ ಚೀಟಿಯೊಂದನ್ನೂ ಜೊತೆಗಿಟ್ಟೆ. ಚೀಟಿ ನೋಡಿ ಹೆಸರು ಸೇರಿಸಿಕೊಳ್ಳುತ್ತಾರೆ. ಅಷ್ಟೂ ತಿಳಿಯದಷ್ಟು ದಡ್ಡರೇ ಮುಂಬಯಿಯವರು?

ಫೆಬ್ರವರಿ 6

ದಡ್ಡರೇ.

ಸ್ಟೇಷನ್ನಿನಲ್ಲಿ ಸುಂಕದ ಕಾರಕೂನ ಬಲೂನಿನ ಪೆಟ್ಟಿಗೆ ಬಿಚ್ಚಿ, ಒಂದು ಹೆಜ್ಜೆ ಹಿಂದೆ ಸರಿದನಂತೆ. "ಏನ್ರಿ ಇದು, ಚರ್ಮ?" ಎಂದು ಕೇಳಿದನೆಂದು ಬಾಬಾಸಾಬ ಹೇಳಿದ. ಪೆಟ್ಟಿಗೆಯ ತುಂಬ ಗೋಧಿ ಬಣ್ಣದ ಮುಖಗಳು ಒಂದರ ಮೇಲೊಂದು ಮಲಗಿವೆ. ಕೆಳಗೆ ನನ್ನದೇ ಅಕ್ಷರದಲ್ಲಿ "ಅವರ ಹಲ್ಲುಪುಡಿ, ಕೊಪ್ಪಳ". ಹೆಸರಿಲ್ಲ.

ಉಮಾಪತಿ ಬಿದ್ದು ಬಿದ್ದು ನಕ್ಕ. ನಾನು ಪರದೆಯ ಹಿಂದೆ ನಾಚಿಕೆಯಿಂದ ಸತ್ತೆ.

ಅತ್ತೆ ಮಾತ್ರ ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಗಾಳಿಯಿಲ್ಲದಾಗ ಮುಖ ಹುಣಸೆಬೀಜದ ಎರಡರಷ್ಟಿದೆ. ಕೆನ್ನೆ ದುಂಡಗೆ, ಮೀಸೆ ಬರೀ ಒಂದು ಕಪ್ಪು ಗೆರೆ. "ಐದು ವರ್ಷದಾಂವ ಇದ್ದಾಗ ಹಿಂಗ ಇದ್ದ ನೋಡವಾ," ಅಂದರು. "ಮೂಗಿನ ಕೆಳಗ ಮಸಿ ಹಚಗೊಂಡು ಬರತಿದ್ದ." ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಫೆಬ್ರವರಿ 7

ಬಾಬಾಸಾಬ ಅಂಗಡಿಯ ಮುಂದೆ ಕೂತು ಪಂಪು ಹೊಡೆದ. ಹುಡುಗನ ಮುಖ ದೊಡ್ಡದಾಗುತ್ತ ಬಂತು. ಹದಿನಾರು ವರ್ಷದವನಾದ, ಮದುವೆಯ ದಿನ ನಾನು ಕಂಡಷ್ಟಾದ, ನಂತರ ಅವರೇ ಆದರು. ಬಾಬಾಸಾಬ ಇನ್ನೆರಡು ಸಲ ಒತ್ತಿದ. ಆಗ ಬಿಗಿದಿದ್ದ ತುಟಿಗಳು ಬಿಟ್ಟುಕೊಂಡವು.

ರಬ್ಬರು ಹಿಗ್ಗಿದರೆ ಮಸಿಯ ಗೆರೆಯೂ ಹಿಗ್ಗುತ್ತದೆ. ಅದು ನನಗೆ ಗೊತ್ತು. ಆದರೆ ಬಾಬಾಸಾಬ ಪಂಪು ಬಿಟ್ಟು ಎದ್ದು ನಿಂತಿದ್ದ. "ಸೌಕಾರ್ರು ಏನೋ ಹೇಳಾಕ ಹತ್ಯಾರ್ರಿ ಅಕ್ಕಾರ," ಅಂದ.

"ಪುಗ್ಗಾದಾಗ ಏನ ಹೇಳ್ತಾರ? ಗಾಳಿ ಜಾಸ್ತಿ ಆಗೇತಿ, ಸ್ವಲ್ಪ ಬಿಡು," ಅಂದೆ. ಅವನು ಬಿಡಲಿಲ್ಲ. ದಾರ ಕಟ್ಟಿ ನನ್ನ ಕೈಗೆ ಕೊಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡ.

ಫೆಬ್ರವರಿ 9

ಮಾಲು ಹೋಗುತ್ತಿದೆ! ಹೆಂಗಸರು ನೇರವಾಗಿ ಬಂದು "ಅವರ ಹಲ್ಲುಪುಡಿ ಕೊಡ್ರಿ" ಎನ್ನುತ್ತಾರೆ. ಯಾವ ಹೆಸರೂ ನೆನಪಿಡಬೇಕಿಲ್ಲ. ನನ್ನ ದಡ್ಡತನಕ್ಕೆ ಇಷ್ಟು ಬೆಲೆ ಬರುತ್ತದೆಂದು ಗೊತ್ತಿದ್ದರೆ ಮೊದಲೇ ದಡ್ಡಳಾಗುತ್ತಿದ್ದೆ. ಗಿರಾಕಿಗಳು ಹೆಚ್ಚಾಗಿ ಪರದೆಯ ಸಂದಿಯಿಂದ ಡಬ್ಬಿ ದಾಟಿಸುವುದು ಕಷ್ಟವಾಯಿತು. ಪರದೆಯನ್ನು ಮೊಳೆಗೆ ಸಿಕ್ಕಿಸಿದ್ದೇನೆ, ಗಾಳಿಗಾಗಿ.

ಫೆಬ್ರವರಿ 10

ಮಧ್ಯಾಹ್ನ ಬಾಬಾಸಾಬ ಊಟಕ್ಕೆ ಹೋಗಿದ್ದ, ಪಂಪು ಇರಲಿಲ್ಲ. ಅಡುಗೆಮನೆಯಲ್ಲಿ ಒಂದು ಬಲೂನನ್ನು ನಾನೇ ಬಾಯಿಂದ ಊದಿದೆ. ಅವರ ಮುಖ ನನ್ನ ಮುಖದ ಎದುರಿಗೇ ದೊಡ್ಡದಾಗುತ್ತ ಬಂತು. ನನ್ನ ಉಸಿರು ಅವರ ಕೆನ್ನೆಯೊಳಗೆ ಹೋಗುತ್ತಿತ್ತು. ಹನ್ನೆರಡು ವರ್ಷ ಸಂಸಾರ ಮಾಡಿದ ನನಗೆ ಯಾಕಷ್ಟು ನಾಚಿಕೆಯಾಯಿತೋ. ದಾರ ಕಟ್ಟಿ, ಇದನ್ನು ಯಾರಿಗೂ ಕೊಡಬಾರದೆಂದು ಕಪಾಟಿನ ಮೇಲಿಟ್ಟೆ.

ಫೆಬ್ರವರಿ 14

ಕಪಾಟಿನ ಮೇಲಿಟ್ಟದ್ದು ಬೆಳಿಗ್ಗೆ ನೋಡಿದರೆ ಒಲೆಯ ಹತ್ತಿರ ಇರುತ್ತದೆ. ಒಣಹವೆಯಲ್ಲಿ ರಬ್ಬರು ಬಟ್ಟೆಗೆ ಅಂಟುತ್ತದೆ ಎಂದು ಬಾಬಾಸಾಬ ವಿವರಿಸಿದ. ನಾನು ನಡೆದರೆ ಸೀರೆಯ ಗಾಳಿಗೆ ಹಿಂದೆ ಉರುಳಿ ಬರುತ್ತದೆ, ನಿಂತರೆ ನಿಲ್ಲುತ್ತದೆ. ಮುಖ ಮೇಲಾಗಿಯೇ ನಿಲ್ಲುತ್ತದೆ. ದಾರ ಕಟ್ಟಿದ ಕಡೆ ಭಾರ, ಅದಕ್ಕೆ.

ಇವತ್ತು ಗಾದಿಯ ಮೇಲೆ ಕೂತಿತ್ತು. ಗಿರಾಕಿಗಳು ಅದಕ್ಕೆ ಶರಣು ಮಾಡಿ ಆಮೇಲೆ ನನ್ನ ಕಡೆ ತಿರುಗಿದರು. ಇರಲಿ ಎಂದು ಬಿಟ್ಟೆ. ಖಾಲಿ ಗಾದಿಗಿಂತ ಮೇಲು.

ಫೆಬ್ರವರಿ 20

ಹಿಟ್ನಾಳದ ಫಕೀರಮ್ಮ ಎಂಬಾಕೆ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. "ತಗೋರಿ ಅಕ್ಕಾರ, ನಿಮ್ಮ ಯಜಮಾನ್ರನ್ನ," ಅಂದಳು.

ಬಿಚ್ಚಿದರೆ ಅರ್ಧ ಕುಗ್ಗಿದ ಬಲೂನು.

"ಮಕ್ಕಳು ಆಡಲಿ ಅಂತ ಒಯ್ದೆ. ಮಕ್ಕಳು ಆಡಲಿಲ್ರಿ. ಅದರ ಮುಂದ ಸಾಲಿಹುಡುಗರಂಗ ಸುಮ್ಮ ಕುಂತ್ವು. ರಾತ್ರಿ ಮೂಲ್ಯಾಗ ಇಟ್ಟರ ಮುಂಜಾನಿ ಹೊಸ್ತಿಲ ಮ್ಯಾಲ, ಕೊಪ್ಪಳದ ಕಡೆ ಮಾರಿ ಮಾಡಿ. ಒಡದು ಒಗೀ ಅಂದ್ರು ಮನಿಯವ್ರು. ಮಾರಿ ಐತಿ, ಸತ್ತವ್ರ ಮಾರಿ, ಹೆಂಗ ಒಡೀಲಿ? ತಿಪ್ಪಿಗೆ ಹೆಂಗ ಒಗೀಲಿ?"

ನಾನು ತೆಗೆದುಕೊಂಡು ಬುಟ್ಟಿಯಲ್ಲಿ ಇಟ್ಟೆ. ಇಷ್ಟು ದೂರ ಬಂದದ್ದಕ್ಕೆ ಆಕೆ ಇನ್ನೊಂದು ಡಬ್ಬಿ ಒಯ್ದಳು. ಬಲೂನು ಮಾತ್ರ ಬೇಡ ಅಂದಳು.

ಫೆಬ್ರವರಿ 25

ಎಲ್ಲರೂ ತಂದುಕೊಡುತ್ತಿದ್ದಾರೆ. ಯಲಬುರ್ಗಾದಿಂದ, ಕುಷ್ಟಗಿಯಿಂದ, ಆನೆಗೊಂದಿಯಿಂದಲೂ. ಬಟ್ಟೆಯಲ್ಲಿ ಸುತ್ತಿ, ಕೆಲವರು ವಿಭೂತಿ ಹಚ್ಚಿ. ತಂದವರು ಬರಿಗೈಯಲ್ಲಿ ಹೋಗುವುದಿಲ್ಲ, ಡಬ್ಬಿ ಒಯ್ಯುತ್ತಾರೆ. ಎರಡು ಬುಟ್ಟಿ ತುಂಬಿವೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಎಲ್ಲ ಮುಖಗಳೂ ಮೇಲೆ ನೋಡುತ್ತಿರುತ್ತವೆ, ಬಾಯಿ ಸ್ವಲ್ಪ ತೆರೆದು.

ಉಮಾಪತಿ ಮಾಲು ಖಾಲಿಯಾದ ಕಪಾಟನ್ನು ನೋಡಿ ಹೊರಟುಹೋದ. ಗಾದಿಯ ಒಂದು ತುದಿಯಲ್ಲಿ ನಾನು ಕೂರುತ್ತೇನೆ ಈಗ. ಅವರು ಇನ್ನೊಂದು ತುದಿಯಲ್ಲಿ.

ಮಾರ್ಚ್ 3

ಪಂಪಿನಿಂದ ಊದಿದವೆಲ್ಲ ವಾರದಲ್ಲಿ ಕುಗ್ಗಿದವು. ನಾನು ಊದಿದ್ದು ಈಗ ಸಣ್ಣಗೆ ಸಡಿಲವಾಗುತ್ತಿದೆ. ಕಣ್ಣಿನ ಪಕ್ಕ ಗೆರೆ ಮೂಡಿವೆ. ಹಣೆಯಲ್ಲಿ ಮೂರು. ಗಲ್ಲ ಇಳಿದಿದೆ.

ಮೂವತ್ತೈದಕ್ಕೆ ಹೋದವರು ಇವತ್ತು ಐವತ್ತರವರಾಗಿದ್ದಾರೆ. ಈ ಮುಖವನ್ನು ನೋಡುವ ಭಾಗ್ಯ ನನಗಿಲ್ಲ ಎಂದುಕೊಂಡಿದ್ದೆ. ಎಷ್ಟು ಚೆಂದ ಕಾಣುತ್ತಾರೆ, ಅವರಪ್ಪನ ಹಾಗೆ. ಇಡೀ ಮಧ್ಯಾಹ್ನ ನೋಡುತ್ತ ಕೂತೆ. ಇದನ್ನು ಬರೆಯುವಾಗಲೂ ಎದುರಿಗೇ ಇದ್ದಾರೆ.

ಮಾರ್ಚ್ 8

ಇವತ್ತು ಅವರಿಗೆ ಅರವತ್ತು. ಹಲ್ಲುಪುಡಿಗೆ ಲವಂಗ ಯಾವ ಅಂಗಡಿಯಿಂದ ತರಿಸಲಿ ಎಂದು ಕೇಳಿದೆ. ಬಾಗಿಲ ಕಡೆ ಉರುಳಿದರು. ಬಾಗಿಲ ಕಡೆ ಅಂದರೆ ಹೊಸಪೇಟೆಯವನು. ಸರಿಯಾಗಿಯೇ ಹೇಳಿದರು, ಅವನ ಮಾಲು ಛಲೋ ಇತ್ತು.

ಅತ್ತೆ ಊಟಕ್ಕೆ ಒಂದು ತಾಟು ಹೆಚ್ಚಿಗೆ ಇಟ್ಟದ್ದನ್ನು ನೋಡಿ, "ಯಾರ ಬರಾವ್ರದಾರ?" ಅಂದರು. ನಾನು ಒಂದನ್ನು ತೆಗೆದಿಟ್ಟೆ.

ಮಾರ್ಚ್ 14

ಉಮಾಪತಿ ಗಂಗಾವತಿಯವರ ಕಾಗದ ತಂದು ಗಾದಿಯ ಮೇಲಿಟ್ಟ. "ಸಹಿ ಮಾಡ್ರಿ ವೈನಿ. ಜನ ಹಲ್ಲುಪುಡಿ ಒಯ್ಯಾಕ ಬರವಲ್ರು, ದೆವ್ವ ನೋಡಾಕ ಬರಾಕ ಹತ್ಯಾರ. ನೀವು ಪುಗ್ಗಾದ ಜೋಡಿ ಮಾತಾಡತೀರಂತ ಊರೆಲ್ಲ ಅಂತೈತಿ."

"ಒಯ್ಯಾಕ ಬರ್ಲಿ, ನೋಡಾಕ ಬರ್ಲಿ, ಡಬ್ಬಿ ಒಯ್ತಾರಲ್ಲ," ಅಂದೆ.

ಅವನಿಗೆ ಸಿಟ್ಟು ನೆತ್ತಿಗೇರಿತು. ಕಾಗದಕ್ಕೆ ಚುಚ್ಚಿದ್ದ ಟಾಚಣಿ ಕಿತ್ತು ಅವರ ಮುಖಕ್ಕೆ ಹಿಡಿದ. ಅತ್ತೆ ಒಳಗಿನಿಂದ ಚೀರಿದರು: "ಅಣ್ಣನ ಮಾರಿಗೆ ಚುಚ್ಚತೀಯೇನೋ ಮೂಳಾ!"

ಅವನ ಕೈ ಅಲ್ಲೇ ನಿಂತಿತು. ಟಾಚಣಿಯ ತುದಿಗೂ ಕೆನ್ನೆಗೂ ಒಂದು ಅಕ್ಕಿಕಾಳಿನಷ್ಟು ಅಂತರ. ಆ ಕೆನ್ನೆ ಒಳಕ್ಕೆ ಸರಿಯಿತು, ಏಟಿಗೆ ಹೆದರಿದವರದು ಸರಿಯುವ ಹಾಗೆ. ನಾನು ನೋಡಿದೆ, ಅವನೂ ನೋಡಿದ. ಚಿಕ್ಕವನಿದ್ದಾಗ ಅವನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಅಣ್ಣ. ಉಮಾಪತಿ ಟಾಚಣಿ ಎಸೆದು, ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಅವನ ಮೇಲೆ ನನಗೆ ಮೊದಲ ಸಲ ಕನಿಕರ ಬಂತು.

ಮಾರ್ಚ್ 18

ಎಪ್ಪತ್ತು ದಾಟಿದ್ದಾರೆ. ಉರುಳುವುದಿಲ್ಲ, ಇಟ್ಟಲ್ಲೇ ಇರುತ್ತಾರೆ. ಬಾಯಿ ಮಾತ್ರ ಇನ್ನೂ ತೆರೆದಿದೆ. ಕಿವಿ ಹಚ್ಚಿದರೆ ದಾರ ಕಟ್ಟಿದ ಕಡೆಯಿಂದ ಸಣ್ಣ ಸದ್ದು. ಏನು ಬೇಕು ಎಂದು ಕೇಳಿದೆ. ಅವರಿಗೆ ಏನು ಬೇಕೆಂದು ನನಗೆ ಗೊತ್ತಿಲ್ಲವೆಂದೇನಲ್ಲ.

ಮಾರ್ಚ್ 20, ಸೋಮವಾರ, ಅಮಾವಾಸ್ಯೆ

ಬಾಬಾಸಾಬ ಊದಿದ ಬಲೂನುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೆಳಿಗ್ಗೆಯೇ ಕುಷ್ಟಗಿಗೆ ಹೋದ. ಅತ್ತೆ ಮಠಕ್ಕೆ ಹೋಗಿದ್ದರು. ಮಟಮಟ ಮಧ್ಯಾಹ್ನ, ಬೀದಿಯಲ್ಲಿ ನಾಯಿ ಕೂಡ ಇರಲಿಲ್ಲ. ಅಂಗಡಿಯ ಬಾಗಿಲು ಮುಚ್ಚಿ ಅವರನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಎಷ್ಟು ಹಗುರ.

ಆ ದಿನದಂತೆಯೇ ನೋಡುತ್ತಿದ್ದರು. ಆ ದಿನದಂತೆಯೇ ಬಾಯಿ. ಗಂಟಿನ ಹತ್ತಿರ ಸದ್ದು ತಡೆತಡೆದು ಬರುತ್ತಿತ್ತು. ಹೀಗೇ ಬಿಟ್ಟರೆ ನಾಳೆಗೆ ತಾನಾಗಿ ಮುಗಿಯುತ್ತದೆ, ನಾನು ಎರಡನೆಯ ಸಲವೂ ಬಾಯಿ ಮುಚ್ಚಿಕೊಂಡು ಕೂತವಳಾಗುತ್ತೇನೆ.

ದಾರ ಬಿಚ್ಚಿದೆ. ನನ್ನ ಉಸಿರು ನನ್ನ ಮುಖಕ್ಕೇ ಬಂತು. ಅದರಲ್ಲಿ ಲವಂಗದ ವಾಸನೆಯಿತ್ತು. ನಾನು ಲವಂಗ ತಿನ್ನುವುದಿಲ್ಲ.

ಉಸಿರು ಮುಗಿಯುವ ಮೊದಲು ಹೆಸರು ಹಿಡಿದು ಕರೆದೆ. ಒಡಪಿಲ್ಲದೆ, ಗಟ್ಟಿಯಾಗಿ, ಬೀದಿಗೆ ಕೇಳುವಷ್ಟು. ಒಂದೇ ಸಲ.

ಸದ್ದು ನಿಂತಿತು. ಕೈಯಲ್ಲಿ ಐದು ವರ್ಷದ ಹುಡುಗನ ಮುಖ ಉಳಿಯಿತು. ಬಾಯಿ ಮುಚ್ಚಿಕೊಂಡಿತ್ತು.

ಮಾರ್ಚ್ 23

ಮೊನ್ನೆ ಯುಗಾದಿಯಂದು ಬೇವು ಬೆಲ್ಲ ಕೊಡುವಾಗ ಅತ್ತೆ ಅಂಗಡಿಯ ಬೀಗದ ಕೈಯನ್ನೂ ಕೊಟ್ಟರು. ಉಮಾಪತಿ ಎದುರಿಗೇ ಇದ್ದ, ಬೇಡವೆನ್ನಲಿಲ್ಲ. ಗಂಗಾವತಿಯವರ ಕಾಗದವನ್ನು ಹರಿದು ಒಲೆಗೆ ಹಾಕಿದವನೂ ಅವನೇ. ಬುಟ್ಟಿಗಳಲ್ಲಿದ್ದುದನ್ನೆಲ್ಲ ಅವರನ್ನು ಹೂಳಿದ ಗದ್ದುಗೆಯ ಪಕ್ಕ ಗುಂಡಿ ತೋಡಿ ಮಣ್ಣು ಮಾಡಿದೆವು. ಅತ್ತೆ ತಮ್ಮ ಸೆರಗಿನದನ್ನು ಮಾತ್ರ ಕೊಡಲಿಲ್ಲ. ನಾನೂ ನನ್ನದನ್ನು ಕೊಡಲಿಲ್ಲ.

ಇವತ್ತು ಸಂಜೆ ಗಾದಿಯ ನಡುವೆ ಕೂತು ಡಬ್ಬಿ ಕಟ್ಟುತ್ತಿದ್ದೆ. ಬಾಬಾಸಾಬ ಕುಷ್ಟಗಿಯಿಂದ ಮರಳಿ ಬಂದು ಸೈಕಲ್ ನಿಲ್ಲಿಸಿದ. ಒಂದೂ ಬಲೂನಿರಲಿಲ್ಲ. ನೀರು ಕೊಟ್ಟೆ. ಕುಡಿದು ಚೊಂಬು ಕೆಳಗಿಟ್ಟ.

"ಅಕ್ಕಾರ, ನಗಬ್ಯಾಡ್ರಿ. ಅಮಾಸಿ ದಿನ ಮಧ್ಯಾಹ್ನ ಕುಷ್ಟಗಿ ದಾರ್ಯಾಗ ಬೇವಿನ ಗಿಡದ ಬುಡಕ ಕುಂತಿದ್ದೆ. ಎಲಿ ಅಳ್ಳಾಡವಲ್ದು, ಅಷ್ಟು ಧಗಿ. ಪುಗ್ಗಾ ಎಲ್ಲಾ ಒಂದೊಂದು ದಿಕ್ಕಿಗೆ ಮಾರಿ ಮಾಡಿ ನಿಂತಿದ್ವು. ಒಮ್ಮಿಗೆಲೆ ಅಷ್ಟೂ ಕೊಪ್ಪಳದ ಕಡೆ ತಿರುಗಿದ್ವು ನೋಡ್ರಿ. ಯಾರೋ ಹೆಸರು ಹಿಡದು ಕರದಾಗ ನಾವು ತಿರಗತೀವಲ್ಲ, ಹಂಗ. ಆಮ್ಯಾಲ ಎಲ್ಲಾ ಗಾಳಿ ಬಿಟ್ಟು ಕೂತ್ವು." ಅವನು ನನ್ನನ್ನು ನೋಡಿದ. "ಆ ಹೊತ್ತಿನ್ಯಾಗ ಇಲ್ಲಿ ಯಾರರ ಕರದಿದ್ರೇನ್ರಿ?"

"ಹೂಂ. ನಾನ ಕರದಿದ್ದೆ," ಅಂದೆ.

ಅವನು ಹೋದ ಮೇಲೆ ದಪ್ಪ ಮಸಿ ತೆಗೆದುಕೊಂಡು ಮುಂಬಯಿಗೆ ಹೊಸ ಕಾಗದ ಬರೆದೆ. ಈ ಸಲ ಕೆಂಪು ಬಣ್ಣ ಸಾಕು, ಹೆಸರನ್ನು ಬಿಳಿ ಮಸಿಯಲ್ಲಿ ಹಾಕಲಿ, ಮುಖ ಬೇಡ. ಅಚ್ಚಾಗಬೇಕಾದದ್ದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಕೈಗೂ ತಿಳಿದಿದೆಯೇ ಎಂದು ನೋಡಿಕೊಳ್ಳಲು ಇಲ್ಲಿಯೂ ಒಮ್ಮೆ ಬರೆಯುತ್ತೇನೆ:

ಕೊಟ್ರಬಸಪ್ಪನವರ ಹಲ್ಲುಪುಡಿ, ಕೊಪ್ಪಳ.